ಕಿಟಕಿಗೆ ಅಡ್ಡ ನಿಂತ ಬೀರು

ಬೀರು ಬಂದ ದಿನ ಜವಾದಿ ಮನೆಯಲ್ಲಿರಲಿಲ್ಲ. ಬಾಣಾವರದ ಕಡೆಯ ಒಂದು ತೆಂಗಿನ ತೋಟದಲ್ಲಿ ಏಣಿ ಹತ್ತಿ, ಹುಳು ತಿಂದು ಒಣಗಿದ ಗರಿಗಳನ್ನು ಕತ್ತರಿಸಿ ಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು. ಸಂಜೆ ಅರಸೀಕೆರೆಗೆ ವಾಪಸು ಬಂದು, ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯ ಮನೆಯ ಮಹಡಿ ಮೆಟ್ಟಿಲು ಹತ್ತಿ ಬಾಗಿಲು ತೆಗೆದರೆ ಒಳಗೆಲ್ಲ ಕತ್ತಲು. ಹೊರಗೆ ಇನ್ನೂ ಬಿಸಿಲಿತ್ತು. ಸ್ವಿಚ್ಚು ಒತ್ತಿದಳು, ದೀಪ ಹತ್ತಿತು. ಹಾಲ್‌ಗಿದ್ದ ಒಂದೇ ಕಿಟಕಿಗೆ ಬೆನ್ನು ಕೊಟ್ಟು ಹಸಿರು ಬಣ್ಣದ ಕಬ್ಬಿಣದ ಬೀರುವೊಂದು ನಿಂತಿತ್ತು. ಅದರ ಆಳೆತ್ತರದ ಕನ್ನಡಿಯೊಳಗಿಂದ ಅವಳೇ ಅವಳನ್ನು ನೋಡುತ್ತಿದ್ದಳು. ಕೂದಲ ತುಂಬ ಗರಿಯ ಪುಡಿ, ಕೈಯಲ್ಲಿ ಹುಳುವಿನ ಚೀಲ, ಮುಖದಲ್ಲಿ ಬೆರಗು.

ಜವಾದಿ ಹುಟ್ಟಿ ಬೆಳೆದದ್ದು ಆಫ್ರಿಕಾದ ಪೂರ್ವ ಕರಾವಳಿಗೆ ಹತ್ತಿರದ ಜಾಂಜಿಬಾರ್ ದ್ವೀಪದಲ್ಲಿ. ಅವಳ ಅಜ್ಜಿಯ ಮನೆಯ ಸುತ್ತ ತೆಂಗಿನ ಮರಗಳೇ. ವಿದ್ಯಾರ್ಥಿವೇತನ ಸಿಕ್ಕಿ ನಮ್ಮ ಕಡೆಯ ಕೃಷಿ ವಿಶ್ವವಿದ್ಯಾಲಯಕ್ಕೆ ಓದಲು ಬಂದವಳು, ತೆಂಗಿನ ಗರಿಯ ಹಸಿರನ್ನೆಲ್ಲ ಕೆರೆದು ತಿನ್ನುವ ಕಪ್ಪು ತಲೆಯ ಹುಳುವಿನ ಮೇಲೆ ಪ್ರಬಂಧ ಬರೆಯಲು ಹೊರಟಳು. ಆ ಹುಳುವಿಗೆ ಬರವಿಲ್ಲದ ತಾಲ್ಲೂಕು ಯಾವುದೆಂದು ಅವಳ ಮೇಷ್ಟ್ರು ಯೋಚಿಸಿ ಅರಸೀಕೆರೆಗೆ ಕಳಿಸಿದ್ದರು. ಕನ್ನಡವನ್ನು ಅವಳು ಪುಸ್ತಕದಿಂದ ಕಲಿಯಲಿಲ್ಲ, ತೋಟದವರಿಂದ ಕಲಿತಳು. ಹಾಗಾಗಿ ಅವಳ ಬಾಯಲ್ಲಿ ‘ಇದೆ’ ಅನ್ನುವುದು ‘ಐತೆ’ ಆಗಿತ್ತು, ‘ಬರ್ತೀನಿ’ ಅನ್ನುವುದು ‘ಬತ್ತೀನಿ’ ಆಗಿತ್ತು. ಬ್ಯಾಂಕಿನಲ್ಲಿ, ಅಂಚೆ ಕಚೇರಿಯಲ್ಲಿ ಅವಳು ಬಾಯಿ ತೆರೆದರೆ ಸಾಲಿನಲ್ಲಿದ್ದವರೆಲ್ಲ ಒಮ್ಮೆ ತಿರುಗಿ ನೋಡಿ ಆಮೇಲೆ ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಆದರೆ ಮನೆ ಹುಡುಕುವಾಗ ನಗು ಬರಲಿಲ್ಲ. ಫೋನಿನಲ್ಲಿ ಅವಳ ಕನ್ನಡ ಕೇಳಿ ಮನೆ ಖಾಲಿಯಿದೆ ಬನ್ನಿ ಅಂದವರು, ಮುಖ ನೋಡಿದ ಮೇಲೆ ನಿನ್ನೆಯೇ ಯಾರೋ ಮುಂಗಡ ಕೊಟ್ಟು ಹೋದದ್ದನ್ನು ನೆನಪು ಮಾಡಿಕೊಳ್ಳುತ್ತಿದ್ದರು. ಉಳಿದವರು ಹುಳು ಸಾಕುವ ಸಂಗತಿ ಕೇಳಿ ಕೈಮುಗಿದರು. ಕೊನೆಗೆ ಮಹಡಿ ಮನೆ ಕೊಟ್ಟವರು ಸಾವಿತ್ರಮ್ಮ. ಅವರ ಯಜಮಾನರಿಗೆ ಕೊಬ್ಬರಿ ಮಂಡಿಯಲ್ಲಿ ವ್ಯಾಪಾರ. “ತೆಂಗಿನ ಕೆಲ್ಸಕ್ಕೆ ಬಂದಿರೋಳು ಅಂದ್ಮೇಲೆ ಯೋಚ್ನೆ ಏನು. ಆದ್ರೆ ಒಬ್ಬಳೇ ಇರಬ್ಯಾಡ, ಜತೆಗೊಂದು ಹುಡುಗಿ ಇರ್ಲಿ,” ಎಂದು, ಸ್ಟೇಷನ್ನಿನ ಟಿಕೆಟ್ ಕೌಂಟರಿಗೆ ಹೊಸದಾಗಿ ಕೆಲಸಕ್ಕೆ ಬಂದಿದ್ದ ಶಿಲ್ಪಶ್ರೀಯನ್ನು ಅವರೇ ಕರೆತಂದು ಜತೆ ಮಾಡಿದರು. ಹನ್ನೊಂದು ತಿಂಗಳ ಕರಾರಿಗೆ ಇಬ್ಬರೂ ಸಹಿ ಹಾಕಿದರು. ಪೊಲೀಸ್ ಠಾಣೆಯ ದಾಖಲೆಯಲ್ಲಿ ಜವಾದಿಯ ವಿಳಾಸವೂ ಅದೇ ಆಯಿತು. ಹೆಸರು ಮಾತ್ರ ಸಾವಿತ್ರಮ್ಮನ ನಾಲಿಗೆಗೆ ಹೊರಳಲಿಲ್ಲ. ಅವರು ಮೊದಲ ದಿನದಿಂದಲೂ ಅವಳನ್ನು ಜವಾಜಿ ಎಂದೇ ಕರೆದರು. ಅದು ಒಂದು ಸುಗಂಧದ ಹೆಸರೆಂದು ತಿಳಿದ ಮೇಲೆ ಜವಾದಿ ತಿದ್ದಲು ಹೋಗಲಿಲ್ಲ.

ಶಿಲ್ಪಶ್ರೀ ಬೇಲೂರು ತಾಲ್ಲೂಕಿನ ಬಿಕ್ಕೋಡಿನವಳು; ಅಪ್ಪ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಇಬ್ಬರಿಗೂ ಚೆನ್ನಾಗಿ ಹೊಂದಿತ್ತು. ಮೊದಲ ವಾರವೇ ಶಿಲ್ಪಶ್ರೀ ರಾಗಿ ಮುದ್ದೆ ತೊಳಸುವುದನ್ನು ಹೇಳಿಕೊಡಲು ನಿಂತರೆ, ಜವಾದಿ ಅವಳ ಕೈಯಿಂದ ಕೋಲು ಕಿತ್ತುಕೊಂಡು, ತಮ್ಮೂರಿನ ಮೆಕ್ಕೆಜೋಳದ ಹಿಟ್ಟಿನ ಉಗಾಲಿಯನ್ನು ತಿರುವುವ ಹಾಗೆ ನಾಲ್ಕು ಸುತ್ತು ತಿರುವಿ ಗಂಟಿಲ್ಲದ ಮುದ್ದೆ ಇಳಿಸಿದ್ದಳು. ಬೆಳಗಿನ ಪಾಳಿ ಇದ್ದ ದಿನ ಶಿಲ್ಪಶ್ರೀ ಅಡುಗೆ ಮಾಡಿಟ್ಟು ಹೋಗುವಳು. ಸಂಜೆ ಪಾಳಿಯಿದ್ದರೆ ಜವಾದಿ ಸ್ಟೇಷನ್ನಿಗೇ ಡಬ್ಬಿ ಒಯ್ಯುವಳು. ಹಾಲ್‌ನ ಕಿಟಕಿಯ ಕೆಳಗೆ ಬಲೆ ಕಟ್ಟಿದ ಪಂಜರಗಳಲ್ಲಿ ಹುಳುಗಳು ಗರಿ ತಿನ್ನುತ್ತಿದ್ದವು. ಶಿಲ್ಪಶ್ರೀಗೆ ಅದೂ ರೂಢಿಯಾಗಿತ್ತು.

ಅದಕ್ಕೇ ಆ ಸಂಜೆ ಬೀರುವನ್ನು ಕಂಡು ಜವಾದಿಗೆ ಸಿಟ್ಟು ಬರಲಿಲ್ಲ, ನಗುವೇ ಬಂತು.

“ಹೇಮಂತ್‌ದು ಕಣೇ,” ಎಂದಳು ಶಿಲ್ಪಶ್ರೀ. ಹೇಮಂತ್ ಅವಳು ಮದುವೆಯಾಗಲಿದ್ದ ಹುಡುಗ. ಜಾವಗಲ್ಲಿನವನು, ಬೇಲೂರಿನ ಒಂದು ಶಾಲೆಯಲ್ಲಿ ಆಟದ ಮೇಷ್ಟ್ರು. ವೈಶಾಖದಲ್ಲಿ ಮದುವೆ. “ಬೇಲೂರಲ್ಲಿ ಅವ್ರ ರೂಮಲ್ಲಿ ಜಾಗ ಇಲ್ವಂತೆ. ಒಂದ್ವಾರ ಇರ್ಲಿ, ಅಷ್ಟೇ.”

ಜವಾದಿ ಪಂಜರಗಳನ್ನು ಎತ್ತಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ವಾರ ಕಳೆಯಿತು. ಬೀರು ಹೋಗಲಿಲ್ಲ, ಅದಕ್ಕೆ ಜೊತೆಗಾರರು ಬಂದರು. ಮೊದಲು ತೇಗದ ಮಂಚ, ಆಮೇಲೆ ಗ್ರೈಂಡರು, ಅದರ ಹಿಂದೆ ಪಾತ್ರೆಗಳ ದೊಡ್ಡ ದೊಡ್ಡ ಡಬ್ಬ. ಪ್ರತಿ ಸಲವೂ ತರುತ್ತಿದ್ದವನು ಗೂಡ್ಸ್ ಆಟೋದ ಕೆಂಚಪ್ಪ. “ಇನ್ನೊಂದ್ ಐಟಮ್ ಐತೆ ಕಣವ್ವ, ನಾಳೆ ತರ್ತೀನಿ,” ಎಂದು ಅವನು ಜವಾದಿಗೇ ವರದಿ ಒಪ್ಪಿಸಿ ಹೋಗುತ್ತಿದ್ದ. ಅವಳು ಹಾಲ್ ದಾಟಿ ತನ್ನ ಕೋಣೆಗೆ ಹೋಗಬೇಕಾದರೆ ಮಂಚ ಹತ್ತಿ ಇಳಿಯಬೇಕಾಯಿತು. ಅಡುಗೆಮನೆಯ ಮಬ್ಬಿನಲ್ಲಿ ಹುಳುಗಳು ಮಂಕಾದವು. ಆದರೂ ಅವಳು, ಮದುವೆ ಗಡಿಬಿಡಿ, ಪಾಪ, ಎಂದುಕೊಂಡಳು.

ವಿಷಯ ಬಯಲಾದದ್ದು ಸಾವಿತ್ರಮ್ಮನಿಂದ. ಒಂದು ಬೆಳಿಗ್ಗೆ ಕೆಳಗಿನ ಜಗಲಿಯಲ್ಲಿ ಸೊಪ್ಪು ಸೋಸುತ್ತ ಕೂತಿದ್ದವರು, ಮೆಟ್ಟಿಲಿಳಿದು ಬಂದ ಜವಾದಿಯನ್ನು ತಡೆದು, “ಜವಾಜಿ, ನೀನು ಯಾವತ್ತು ಖಾಲಿ ಮಾಡ್ತೀಯವ್ವ? ಹೊಸ ಸಂಸಾರ ಬರೋದ್ರೊಳಗೆ ಸುಣ್ಣ ಹೊಡೆಸ್ಬೇಕು,” ಎಂದರು.

“ಯಾರು ಖಾಲಿ ಮಾಡೋದು?”

“ನೀನೇ ಕಣವ್ವ. ಓದು ಮುಗೀತಂತೆ, ಊರಿಗೆ ಹೋಗ್ತೀಯಂತೆ. ಶಿಲ್ಪ ಹೇಳ್ತು.”

ಜವಾದಿ ಅಂದು ತೋಟಕ್ಕೆ ಹೋಗಲಿಲ್ಲ. ಮಹಡಿಗೆ ವಾಪಸು ಹತ್ತಿ, ಯಾರದೋ ಮಂಚದ ಮೇಲೆ ಕುಳಿತಳು. ಸಿಟ್ಟಿಗಿಂತ ಮೊದಲು ಬಂದದ್ದು ನಾಚಿಕೆ. ಅಷ್ಟೂ ಸಾಮಾನು ಬರುವಾಗ ಪಕ್ಕಕ್ಕೆ ಸರಿದು ದಾರಿ ಬಿಟ್ಟಿದ್ದಳು, ಡಬ್ಬ ಹಿಡಿಯಲು ಕೈ ಕೊಟ್ಟಿದ್ದಳು. ತನ್ನನ್ನು ಹೊರಗೆ ಹಾಕುವ ಕೆಲಸಕ್ಕೆ ತಾನೇ ಹೆಗಲು ಕೊಟ್ಟಂತಾಗಿತ್ತು.

ಮಧ್ಯಾಹ್ನ ಪಾಳಿ ಮುಗಿಸಿ ಬಂದ ಶಿಲ್ಪಶ್ರೀಗೆ ಅವಳ ಮುಖ ನೋಡಿದೊಡನೆ ಎಲ್ಲ ತಿಳಿಯಿತು. ಚಪ್ಪಲಿ ಬಿಡುತ್ತ ಬಾಗಿಲಲ್ಲೇ ನಿಂತಳು.

“ನಾನು ಯಾವೂರಿಗೆ ಹೋಗ್ತೀನಿ ಅಂತ ಹೇಳಿದ್ದೆ ಶಿಲ್ಪ?”

“ಹೇಳ್ಬೇಕು ಹೇಳ್ಬೇಕು ಅಂತಾನೇ ಇದ್ದೆ ಕಣೇ.”

“ನಂಗೆ ಹೇಳೋದು ಬಿಟ್ಟು ಊರಿಗೆಲ್ಲ ಹೇಳಿದೀಯ.”

“ಮದ್ವೆ ಆದ್ಮೇಲೆ ಮನೆ ಬೇಡ್ವಾ? ಬೆಳಗಿನ ಜಾವದ ಪಾಳಿಗೆ ನಾನು ಎಲ್ಲಿಂದ ಬರ್ಲಿ? ಸ್ಟೇಷನ್ ಹತ್ರ ಬೇರೆ ಮನೇನೇ ಇಲ್ಲ. ನೀನಾದ್ರೆ ಎಲ್ಲಿದ್ರೂ ನಡಿಯತ್ತೆ. ನಿನ್ ಕೆಲ್ಸ ತೋಟದಲ್ಲಿ ತಾನೆ.”

“ನಂಗೆ ಎಲ್ಲಿ ಕೊಡ್ತಾರೆ ಮನೆ?” ಎಂದಳು ಜವಾದಿ. ಅವಳ ದನಿ ಏರಿರಲಿಲ್ಲ. “ಈ ಊರಲ್ಲಿ ಎಷ್ಟು ಬಾಗಿಲು ತಟ್ಟಿದೀನಿ ಅಂತ ನಿಂಗೆ ಗೊತ್ತೈತೆ. ಕರಾರಲ್ಲಿ ಇಬ್ರ ಸಹೀನೂ ಐತೆ. ನಾನು ಹೋಗಲ್ಲ.”

“ಹಾಗಾದ್ರೆ ಕರಾರು ಹಿಡ್ಕೊಂಡೇ ಕೂತ್ಕೋ,” ಎಂದು ಶಿಲ್ಪಶ್ರೀ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗೆ ಅವಳು ಅತ್ತದ್ದು ಜವಾದಿಗೆ ಕೇಳಿಸಿತು. ಕೇಳಿಸದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆಮೇಲಿನ ದಿನಗಳಲ್ಲಿ ಇಬ್ಬರ ನಡುವೆ ಮಾತು ನಿಂತುಹೋಯಿತು. ತೀರಾ ಬೇಕಾದದ್ದು ಹಾಲಿನ ಚಲುವಮ್ಮನ ಮೂಲಕ ನಡೆಯುತ್ತಿತ್ತು. “ಗ್ಯಾಸ್ ಮುಗ್ದೈತೆ ಅಂತ ಹೇಳಿ ಚಲುವಮ್ಮ,” ಎಂದು ಜವಾದಿ ಹೇಳಿದರೆ, ಎರಡು ಗಜ ದೂರದಲ್ಲಿ ನಿಂತಿದ್ದ ಶಿಲ್ಪಶ್ರೀ, “ಬುಕ್ ಮಾಡಿದೀನಿ ಅಂತ ಹೇಳಿ,” ಎನ್ನುವಳು. ಚಲುವಮ್ಮ ಮೊದಮೊದಲು ಎರಡು ಕಡೆಯ ಮಾತನ್ನೂ ನಿಷ್ಠೆಯಿಂದ ಒಪ್ಪಿಸಿದಳು. ಒಂದು ದಿನ ಬೇಸತ್ತು, “ನಂಗೆ ಇನ್ನೂ ಹತ್ತು ಮನೆ ಹಾಲು ಹಾಕದೈತೆ ತಾಯಂದಿರಾ. ನಿಮ್ಮಿಬ್ರಿಗೂ ಕಿವಿ ಐತಲ್ಲ,” ಎಂದು ಕ್ಯಾನು ಎತ್ತಿಕೊಂಡು ನಡೆದಳು. ಆಗ ಇಬ್ಬರಿಗೂ ಒಟ್ಟಿಗೇ ನಗು ಬಂತು. ಒಬ್ಬರನ್ನೊಬ್ಬರು ನೋಡಿ ಇಬ್ಬರೂ ಅದನ್ನು ನುಂಗಿಕೊಂಡರು.

ಮೈಸೂರಿನಲ್ಲೂ ಬೆಂಗಳೂರಿನಲ್ಲೂ ಓದುತ್ತಿದ್ದ ಜವಾದಿಯ ದೇಶದ ಹುಡುಗ ಹುಡುಗಿಯರು ಫೋನಿನಲ್ಲಿ ಬಗೆಬಗೆಯ ಸಲಹೆ ಕೊಟ್ಟರು. ಒಬ್ಬ ವಕೀಲರ ನೋಟಿಸು ಕೊಡು ಎಂದ. ಇನ್ನೊಬ್ಬಳು ಪೊಲೀಸರಿಗೆ ಹೇಳು ಎಂದಳು. ಬೀರುವಿನೊಳಗೆ ಹುಳು ಬಿಡು ಎಂದವನೂ ಇದ್ದ. ಆ ಸಲಹೆ ಅವಳಿಗೆ ಒಂದು ಕ್ಷಣ ಇಷ್ಟವೂ ಆಯಿತು. ಕರಾರು ತನ್ನ ಪಕ್ಷದಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಗೆದ್ದ ಮೇಲೆ ಉಳಿದ ತಿಂಗಳುಗಳನ್ನು ಹೀಗೇ, ಮಂಚ ದಾಟಿಕೊಂಡು, ಮಾತಿಲ್ಲದೆ ಕಳೆಯಬೇಕಲ್ಲ. ಶಿಲ್ಪಶ್ರೀಯ ಸಾರಿಲ್ಲದೆ, ರೈಲು ತಪ್ಪಿಸಿಕೊಂಡವರ ಕತೆಗಳಿಲ್ಲದೆ. ಆ ಗೆಲುವು ಅವಳಿಗೆ ಬೇಡವಾಗಿತ್ತು.

ಜಾಂಜಿಬಾರಿನಲ್ಲಿ ಪ್ರತಿ ಮನೆಯ ಮುಂದೂ ಗೋಡೆಗೆ ಹತ್ತಿಕೊಂಡ ಒಂದು ಕಲ್ಲುಕಟ್ಟೆ ಇರುತ್ತದೆ. ಬರಾಜಾ ಅನ್ನುತ್ತಾರೆ. ಬೀದಿಯ ಜನ ಸಂಜೆ ಅದರ ಮೇಲೆ ಕೂತು ಕಾಫಿ ಕುಡಿಯುತ್ತ ಊರಿನ ತಂಟೆ ತಕರಾರುಗಳನ್ನು ಮಾತಾಡಿ ಮುಗಿಸುತ್ತಾರೆ. ಹರೆಯದವರ ಜಗಳ ಕೈಮೀರಿದರೆ ಜವಾದಿಯ ಅಜ್ಜಿ ಆ ಎರಡು ಮನೆಗಳ ಹಿರಿಯರನ್ನು ಹುಡುಕಿಕೊಂಡು ಹೋಗಿ ಅವರ ಬರಾಜಾದ ಮೇಲೆ ಕೂರುತ್ತಿದ್ದಳು. ಏನನ್ನೂ ಕೇಳುತ್ತಿರಲಿಲ್ಲ, ಸುಮ್ಮನೆ ಕೂರುತ್ತಿದ್ದಳು. ಮಾತು ತಾನಾಗಿ ಬರುತ್ತಿತ್ತು. ಜಾವಗಲ್ಲಿನ ತೋಟಗಳಿಗೆ ಜವಾದಿ ಹೇಗೂ ಪ್ರತಿ ಭಾನುವಾರ ಹೋಗುತ್ತಿದ್ದಳು. ಆ ಭಾನುವಾರ ಹಳೇಬೀಡಿನ ಬಸ್ಸು ಹತ್ತಿದಾಗ, ತೋಟದ ಕೆಲಸ ಮುಗಿಸಿ ಹೇಮಂತನ ತಾಯಿ ಸಣ್ಣತಾಯಮ್ಮನ ಮನೆಗೂ ಹೋಗುವುದೆಂದು ನಿರ್ಧರಿಸಿದ್ದಳು.

ಸಣ್ಣತಾಯಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ, ಆಟದ ಮೇಷ್ಟ್ರ ಮನೆಯೋ ಎಂದು ಇಬ್ಬರು ಕರೆದುಕೊಂಡೇ ಹೋಗಿ ಬಿಟ್ಟರು. ಸಣ್ಣತಾಯಮ್ಮ ಜಗಲಿಯ ಮೇಲೆ ಕಾಲು ಮಡಚಿ ಕೂತು ಈಳಿಗೆ ಮಣೆಯಲ್ಲಿ ಕಾಯಿ ತುರಿಯುತ್ತಿದ್ದರು. ಎತ್ತರದ ಹೆಂಗಸು, ದೊಡ್ಡ ದನಿ. ಬಂದವಳು ಯಾರೆಂದು ಕೇಳಬೇಕಾಗಿರಲಿಲ್ಲ.

“ಶಿಲ್ಪನ ಜತೆ ಇರೋ ಹುಡುಗಿ ತಾನೆ? ಬಾರವ್ವ, ಕೂತ್ಕ.”

ಜವಾದಿ ಕೂತಳು. ನೀರು ಬಂತು, ಬೆಲ್ಲ ಬಂತು. ಸುಮ್ಮನೆ ಕೂರುವುದು ಅಜ್ಜಿಗೆ ಸಾಧ್ಯವಿತ್ತೇನೋ, ಜವಾದಿಯ ಕೈಗಳಿಗೆ ಆಗಲಿಲ್ಲ. ಇನ್ನೂ ಅರ್ಧ ಬುಟ್ಟಿ ಹೋಳು ಉಳಿದಿದ್ದವು. “ಕೊಡಿ ಇಲ್ಲಿ,” ಎಂದು ಮಣೆ ಎಳೆದುಕೊಂಡು ತುರಿಯತೊಡಗಿದಳು. ಬಿಳಿ ತುರಿ ಸರಸರ ಉದುರಿತು. ಕರಟದ ಕಂದು ಸಿಪ್ಪೆ ಒಂದಿಷ್ಟೂ ಬೀಳಲಿಲ್ಲ.

“ನಿಮ್ಮೂರಲ್ಲೂ ಈಳಿಗೆ ಮಣೆ ಐತಾ?”

“ಐತೆ. ನಮ್ಮ ಭಾಷೇಲಿ ಅದಕ್ಕೂ ಮೇಕೆಗೂ ಒಂದೇ ಹೆಸರು. ಮೇಕೆ ಮೇಲೆ ಕೂತು ಕಾಯಿ ತುರೀತೀವಿ.”

ಸಣ್ಣತಾಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಳಗಿದ್ದ ಯಜಮಾನರಿಗೂ ಕೂಗಿ ಹೇಳಿದರು. ಒಳಗಿನಿಂದ ಉತ್ತರ ಬರಲಿಲ್ಲ. “ನಮ್ಮೋರು ಮಾತಾಡೋದು ದನಗಳ ಜತೆ ಮಾತ್ರ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, “ಊರಿಗೆ ಹೋಗ್ತಿದೀಯಂತಲ್ಲ, ಹೇಳ್ಬಿಟ್ಟು ಹೋಗಾಣ ಅಂತ ಬಂದ್ಯಾ? ಒಳ್ಳೇದಾಯ್ತು,” ಎಂದರು.

ಜವಾದಿಯ ಕೈ ನಿಂತಿತು. ಇಲ್ಲಿಯೂ ಅದೇ ಮಾತು. ಈಗ ನಿಜ ಹೇಳಿಬಿಟ್ಟರೆ ಬೀರು, ಮಂಚ, ಗ್ರೈಂಡರು ಎಲ್ಲವೂ ಇದೇ ವಾರ ಇಳಿದು ಹೋಗುತ್ತವೆ. ಅದರ ಜೊತೆಗೆ ಶಿಲ್ಪಶ್ರೀ ಈ ಮನೆಗೆ ಕಾಲಿಡುವ ಮೊದಲೇ ಸುಳ್ಳುಗಾತಿ ಎನ್ನಿಸಿಕೊಳ್ಳುತ್ತಾಳೆ. ಈ ಜಗಲಿಯ ಮೇಲೆ ಆ ಮಾತು ವರ್ಷಗಟ್ಟಲೆ ಉಳಿಯುತ್ತದೆ. ಅಷ್ಟು ದೊಡ್ಡ ಏಟನ್ನು ಕೊಡಲು ಅವಳು ಬಂದಿರಲಿಲ್ಲ.

“ಹೋಗ್ತೀನಿ ಅಮ್ಮ. ಆದ್ರೆ ಈಗ್ಲೇ ಆಗಲ್ಲ. ಕೆಲ್ಸ ಮುಗೀಲಿಲ್ಲ, ಇನ್ನೂ ಒಂದಷ್ಟು ತಿಂಗಳು ಐತೆ. ನಾನೇ ಮೊದ್ಲು ಶಿಲ್ಪಂಗೆ ಬೇಗ ಹೋಗ್ತೀನಿ ಅಂದುಬಿಟ್ಟಿದ್ದೆ. ತಪ್ಪು ನಂದೇ.”

ಸಣ್ಣತಾಯಮ್ಮ ಅವಳ ಮುಖವನ್ನೇ ನೋಡಿದರು.

“ಇದನ್ನ ಹೇಳೋಕೆ ಅಷ್ಟು ದೂರದಿಂದ ಬಂದ್ಯಾ? ಶಿಲ್ಪನೇ ಫೋನ್ ಮಾಡ್ಬೋದಿತ್ತಲ್ಲ.”

“ಅವಳಿಗೆ ಡ್ಯೂಟಿ.”

“ಕಾಯಿ ಚೆಂದಾಗಿ ತುರೀತೀಯ ಕಣವ್ವ. ಸುಳ್ಳು ಹೇಳಕ್ಕೆ ಮಾತ್ರ ಬರಲ್ಲ ನಿಂಗೆ.”

ಜವಾದಿ ತಲೆ ತಗ್ಗಿಸಿ ಮತ್ತೆ ತುರಿಯತೊಡಗಿದಳು. ಸಣ್ಣತಾಯಮ್ಮ ಉಳಿದ ಹೋಳುಗಳನ್ನು ಅವಳ ಹತ್ತಿರಕ್ಕೆ ಸರಿಸಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು: “ಮನೆ ಮಾಡ್ಕಂಡ್ ಮೇಲೇನೇ ಮದುವೆ ಅಂತ ಪಟ್ಟು ಹಿಡ್ದೋಳು ನಾನು. ಹೋದ್ ಸಲ ಶಿಲ್ಪ ಬಂದಾಗ್ಲೂ ಎಲ್ರ ಮುಂದೆ ಅದನ್ನೇ ಕೇಳ್ದೆ. ಮನೆ ಐತೆ ಅತ್ತೆ, ಗೆಳತಿ ಬಿಟ್ಟು ಹೋಗ್ತಾಳೆ ಅಂತು. ಹೇಳಿದ್ದೇ ಒಳಕ್ಕೆ ಎದ್ದು ಹೋಯ್ತು. ಪಾಪ, ನಂಗೆ ಹೆದ್ರೈತೆ ಆ ಹುಡುಗಿ.”

ಅವರು ಎದ್ದು ಸೀರೆ ಕೊಡವಿಕೊಂಡರು. “ನಡಿ, ಆ ಮನೆ ಹೆಂಗೈತೆ ನೋಡ್ಕಂಡ್ ಬರಾಣ. ಊಟ ಮಾಡು ಮೊದ್ಲು.”

ಅರಸೀಕೆರೆಯ ಬಸ್ಸಿನಲ್ಲಿ ಸಣ್ಣತಾಯಮ್ಮ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ತೋಟಗಳ ಒಡೆಯರ ಹೆಸರು ಹೇಳಿದರು. ಜವಾದಿ ಆ ತೋಟಗಳಲ್ಲಿ ಯಾವ ಮರಕ್ಕೆ ಹುಳು ಬಿದ್ದಿದೆ ಎಂದು ಹೇಳಿದಳು. ಬಾಣಾವರ ದಾಟುವಷ್ಟರಲ್ಲಿ ಹಿಂದಿನ ಸೀಟಿನವರೂ ಬಗ್ಗಿ ಕೇಳುತ್ತಿದ್ದರು.

ಬಾಗಿಲು ತೆರೆದ ಶಿಲ್ಪಶ್ರೀ, ಎದುರಿಗೆ ನಿಂತಿದ್ದ ಇಬ್ಬರನ್ನು ಕಂಡು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಸಣ್ಣತಾಯಮ್ಮ ಒಳಗೆ ಬಂದು ಬೀರುವನ್ನು ಸುತ್ತಿ ನೋಡಿದರು.

“ಇದನ್ನ ಇಲ್ಲಿ ಯಾರು ನಿಲ್ಸಿದ್ದು? ನನ್ ಮಗನಾ? ಇಷ್ಟೊಳ್ಳೆ ಕಿಟಕಿ ಮುಚ್ಚೌನಲ್ಲ, ಮನೆ ಉಸಿರಾಡದು ಹೆಂಗೆ?”

ಕಾಫಿ ಮಾಡುವ ನೆಪದಲ್ಲಿ ಶಿಲ್ಪಶ್ರೀ ಜವಾದಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. ಎಷ್ಟೋ ದಿನಗಳ ಮೇಲೆ ಇಬ್ಬರೂ ನೇರವಾಗಿ ಮಾತಾಡಿದರು.

“ಎಲ್ಲಾ ಹೇಳ್ಬಿಟ್ಯಾ?”

“ಏನೂ ಹೇಳಿಲ್ಲ. ತಡ ಆಗ್ತಿರೋದು ನನ್ನಿಂದ ಅಂದೆ. ಅವರು ನಂಬಲಿಲ್ಲ, ಅದು ಬೇರೆ ಮಾತು.”

“ಯಾಕೆ ಹಾಗಂದೆ?”

“ನಿನ್ ಮೇಲೆ ಸಿಟ್ಟೈತೆ ಶಿಲ್ಪ. ಬಾಳ ಐತೆ. ಆದ್ರೆ ಅದು ನಮ್ಮಿಬ್ರದು. ನಿಮ್ಮತ್ತೆ ಮನೆಗೆ ಯಾಕೆ ಹೋಗ್ಬೇಕು?”

ಶಿಲ್ಪಶ್ರೀ ಸೆರಗಿನಂಚಿಗೆ ಮೂಗೊರೆಸಿಕೊಂಡು, ಉಕ್ಕಿದ ಹಾಲನ್ನು ಇಳಿಸಿ, ಕಾಫಿ ಲೋಟಗಳ ತಟ್ಟೆ ಎತ್ತಿಕೊಂಡಳು. ಅಷ್ಟರಲ್ಲಿ ಸಾವಿತ್ರಮ್ಮ ಶಿಲ್ಪಶ್ರೀಯ ಅತ್ತೆಯಾಗಲಿರುವವರು ಬಂದ ಸುದ್ದಿ ತಿಳಿದು, ಕೆಳಗಿನ ಜಗಲಿಗೆ ಚಾಪೆ ಹಾಸಿ ಕರೆದಿದ್ದರು. ಎಲ್ಲರೂ ಅಲ್ಲಿ ಕೂತ ಮೇಲೆ, ಲೋಟ ಕೊಡುತ್ತಾ, ಶಿಲ್ಪಶ್ರೀಯೇ ಮಾತು ತೆಗೆದಳು.

“ಅತ್ತೆ, ಜವಾದಿ ಊರಿಗೆ ಹೋಗ್ತಾಳೆ ಅಂತ ನಾನು ಸುಳ್ಳು ಹೇಳಿದ್ದೆ. ಸಾವಿತ್ರಮ್ಮೋರಿಗೂ ಹಾಗೇ ಹೇಳಿದ್ದೆ. ಅವಳನ್ನ ಒಂದು ಮಾತೂ ಕೇಳಿರ್ಲಿಲ್ಲ. ಕೇಳಿದ್ರೆ ಇಲ್ಲ ಅಂತಾಳೆ ಅಂತ ಭಯ ಆಯ್ತು.”

ಸಾವಿತ್ರಮ್ಮ ಲೋಟವನ್ನು ಕೆಳಗಿಟ್ಟರು. ಸಣ್ಣತಾಯಮ್ಮ ಒಂದು ಗುಟುಕು ಕುಡಿದು, “ಸಕ್ಕರೆ ಕಮ್ಮಿ ಆಗೈತೆ,” ಎಂದರು. ಎದ್ದು ಸಕ್ಕರೆ ತರಲು ಹೊರಟ ಶಿಲ್ಪಶ್ರೀಯನ್ನು ಕೈ ಹಿಡಿದು ಕೂರಿಸಿ, “ಹೇಳಿದ್ಯಲ್ಲ, ಆಯ್ತು ಬಿಡು. ಈಗ ಇದಕ್ಕೆ ದಾರಿ ನೋಡಾಣ,” ಎಂದರು.

ದಾರಿ ಬೇಗ ಕಾಣಲಿಲ್ಲ. ಮದುವೆಯನ್ನು ಮುಂದಕ್ಕೆ ಹಾಕೋಣವೇ ಎಂದರೆ ಬೇಲೂರಿನ ಕಲ್ಯಾಣ ಮಂಟಪ ಆಗಲೇ ಗೊತ್ತುಮಾಡಿಯಾಗಿತ್ತು. ಬೇರೆ ಮನೆ ನೋಡೋಣವೇ ಎಂದರೆ ಸ್ಟೇಷನ್ನಿನ ಹತ್ತಿರ ಇಲ್ಲ. ಸಾವಿತ್ರಮ್ಮ ತಮ್ಮ ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯನ್ನು ಜವಾದಿಗೆ ಬಿಟ್ಟುಕೊಡುತ್ತೇನೆಂದರು. ಅಲ್ಲಿ ಗಾಳಿಯಿಲ್ಲ, ಇಲಿಯಿದೆ ಎಂದು ತಾವೇ ಬೇಡವೆಂದರು. ಸಣ್ಣತಾಯಮ್ಮನಿಗೆ ಒಂದು ಸಂದೇಹ ಬಂತು.

“ಅಲ್ಲ, ಹೇಮಂತ ಸೋಮವಾರದಿಂದ ಶನಿವಾರ ಬೇಲೂರಲ್ಲೇ ಇರ್ತಾನಲ್ಲ. ಬೆಳಿಗ್ಗೆ ಆಟ ಆಡ್ಸಬೇಕು, ಸಂಜೆ ಆಡ್ಸಬೇಕು. ಮದುವೆ ಆದ್ಮೇಲೂ ಹಂಗೇ ತಾನೆ?”

“ಟ್ರಾನ್ಸ್‌ಫರ್ ಸಿಗೋವರ್ಗೂ ಹಾಗೇ ಅತ್ತೆ. ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗೋದು.”

“ಮತ್ತೆ ವಾರವೆಲ್ಲ ನೀನು ಇಲ್ಲಿ ಒಬ್ಳೇ ಇರ್ತೀಯ?”

ಶಿಲ್ಪಶ್ರೀಗೆ ಅದು ಹೊಳೆದೇ ಇರಲಿಲ್ಲ. ಮದುವೆ ಎಂದರೆ ಮನೆ, ಮನೆ ಎಂದರೆ ಬೀರು ಎಂದಷ್ಟೇ ಅವಳ ತಲೆಯಲ್ಲಿತ್ತು.

ಜವಾದಿ ನಗುತ್ತ, ಅರ್ಧ ತಮಾಷೆಗೆ ಎನ್ನುವ ಹಾಗೆ ಹೇಳಿದಳು: “ಭಾನುವಾರ ನಾನು ಹೆಂಗೂ ಜಾವಗಲ್ ತೋಟದಲ್ಲಿರ್ತೀನಿ. ಮೊದಲನೇ ಬಸ್ಸಿಗೆ ಎದ್ದು ಓಡೋದೇ ಕಷ್ಟ. ಶನಿವಾರ ಸಂಜೇನೇ ಹೊರಟುಬಿಟ್ರೆ ಮನೆ ಖಾಲಿ. ನಂಗೆ ಜಾವಗಲ್ಲಲ್ಲಿ ಮಲಗೋಕೆ ಒಂದು ಜಗಲಿ ಸಿಕ್ರೆ ಸಾಕು.”

ಯಾರೂ ನಗಲಿಲ್ಲ. ಸಾವಿತ್ರಮ್ಮ ಸಣ್ಣತಾಯಮ್ಮನ ಕಡೆ ನೋಡಿದರು. ಸಣ್ಣತಾಯಮ್ಮ ಲೋಟದ ತಳ ನೋಡುತ್ತ ಲೆಕ್ಕ ಹಾಕುತ್ತಿದ್ದರು.

“ಜಗಲಿ ಮೇಲೆ ಯಾಕೆ ಮಲಗ್ತೀಯ,” ಎಂದರು ಕೊನೆಗೆ. “ಹೇಮಂತನ ರೂಮು ಖಾಲಿ ಇರತ್ತೆ. ಮಗ ಇಲ್ಲಿಗೆ ಬರ್ಲಿ, ನೀನು ಅಲ್ಲಿಗೆ ಬಾ. ನಂಗೂ ಮಾತಿಗೆ ಜನ ಆಗ್ತಾರೆ.”

“ಸೋಮವಾರ ಬೆಳಿಗ್ಗೆ?”

“ಅವನು ಬೇಲೂರಿಗೆ ಹೋಗ್ತಾನೆ, ನೀನು ಇಲ್ಲಿಗೆ ಬರ್ತೀಯ.”

ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು. ಜವಾದಿ ಮಾತ್ರ ತನ್ನ ಷರತ್ತುಗಳನ್ನು ನಿಧಾನವಾಗಿ, ಸ್ಪಷ್ಟವಾಗಿ ಹೇಳಿದಳು. ಕಿಟಕಿ ಹುಳುಗಳಿಗೆ ಬಿಡಬೇಕು. ಅವಳ ಕೋಣೆ ಅವಳದೇ. ಅದರೊಳಗೆ ಗ್ರೈಂಡರು ಬರಕೂಡದು. ಕರಾರು ಮುಗಿದ ದಿನ ಅವಳು ತಾನಾಗಿ ಬಿಟ್ಟು ಹೋಗುತ್ತಾಳೆ, ಯಾರೂ ಕೇಳಬೇಕಾಗಿಲ್ಲ. ಮತ್ತು ಇನ್ನು ಮುಂದೆ ಮನೆಯ ವಿಷಯ ಏನೇ ಇದ್ದರೂ ಮೊದಲು ಅವಳಿಗೆ ಹೇಳಬೇಕು. ಕೊನೆಯದನ್ನು ಹೇಳುವಾಗ ಶಿಲ್ಪಶ್ರೀಯ ಕಣ್ಣನ್ನೇ ನೋಡಿ ಹೇಳಿದಳು. ಶಿಲ್ಪಶ್ರೀ ಅವಳ ಕೈ ಹಿಡಿದುಕೊಂಡು, “ಹೇಳ್ತೀನಿ ಕಣೇ. ನಿಂಗೇ ಮೊದ್ಲು,” ಎಂದಳು.

ಹೇಮಂತನಿಗೆ ಫೋನು ಮಾಡಿ ಎಲ್ಲರಿಗೂ ಕೇಳಿಸುವ ಹಾಗೆ ಚಾಪೆಯ ನಡುವೆ ಇಟ್ಟರು. ಆ ಭಾನುವಾರ ಪಂದ್ಯವಿದ್ದದ್ದರಿಂದ ಬೇಲೂರಿನಲ್ಲೇ ಉಳಿದು, ಆಟದ ಮೈದಾನದಿಂದಲೇ ಮಾತಾಡಿದ ಅವನು ತಾಯಿ ಹೇಳಿದ ಒಂದೊಂದು ಮಾತಿಗೂ ಹೂಂ ಹೂಂ ಎಂದ. ಎಲ್ಲ ಮುಗಿದ ಮೇಲೆ ಅವನದು ಒಂದೇ ಪ್ರಶ್ನೆ: “ಆ ಹುಳ ಕಚ್ಚಲ್ಲ ತಾನೆ?”

“ನೀವು ತೆಂಗಿನ ಮರ ಆಗಿದ್ರೆ ಮಾತ್ರ,” ಎಂದಳು ಜವಾದಿ.

ಬೀರುವನ್ನು ಸರಿಸಲು ಅದೇ ಸಂಜೆ ನಾಲ್ವರೂ ಹೆಂಗಸರು ಮಹಡಿಗೆ ಹೋಗಿ ಟೊಂಕ ಕಟ್ಟಿದರು. ಸಣ್ಣತಾಯಮ್ಮ ಒಂದು ಮೂಲೆ, ಸಾವಿತ್ರಮ್ಮ ಒಂದು ಮೂಲೆ, ಹುಡುಗಿಯರಿಬ್ಬರು ಹಿಂದೆ. ಅದು ಅಲುಗಲಿಲ್ಲ. ಒಳಗೆ ಏನಿದೆ ಎಂದು ತೆಗೆದು ನೋಡಿದರೆ ಹೇಮಂತನ ಗುಂಡೆಸೆತದ ಕಬ್ಬಿಣದ ಗುಂಡುಗಳು, ಡಂಬೆಲ್‌ಗಳು ತಳದ ಖಾನೆಯ ತುಂಬ ಕೂತಿದ್ದವು. ಸಣ್ಣತಾಯಮ್ಮ ತಮ್ಮ ಮಗನ ಬಗ್ಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ. ಕೆಂಚಪ್ಪನನ್ನು ಕರೆಸಿದರು. ಅವನು ಬಂದು, ಗುಂಡುಗಳನ್ನೆಲ್ಲ ಇಳಿಸಿ, ಬೀರುವನ್ನು ಎದುರು ಗೋಡೆಗೆ ನಿಲ್ಲಿಸಿದ. ಕಿಟಕಿಯ ರೆಕ್ಕೆ ತೆರೆದಾಗ ಇಳಿಬಿಸಿಲು ಹಾಲ್‌ನೊಳಗೆ ಬಂತು. ಹುಬ್ಬಳ್ಳಿಯ ಕಡೆಗೆ ಹೊರಟ ರೈಲಿನ ಸದ್ದೂ ಬಂತು. ಜವಾದಿ ಪಂಜರಗಳನ್ನು ಒಂದೊಂದಾಗಿ ತಂದಿಟ್ಟಳು. ಶಿಲ್ಪಶ್ರೀ ಹೇಳಿಸಿಕೊಳ್ಳದೆಯೇ ಕೈಹಾಕಿ ಎತ್ತಿದಳು.

ವೈಶಾಖದಲ್ಲಿ ಬೇಲೂರಿನಲ್ಲಿ ಮದುವೆ ನಡೆಯಿತು. ಬಿಕ್ಕೋಡಿನಿಂದ ಜೀಪುಗಳಲ್ಲಿ, ಜಾವಗಲ್ಲಿನಿಂದ ಒಂದು ಬಸ್ಸಿನಲ್ಲಿ ಜನ ಬಂದರು. ಸಾವಿತ್ರಮ್ಮ ಉಡಿಸಿದ ಮಾವಿನಕಾಯಿ ಬಣ್ಣದ ರೇಷ್ಮೆ ಸೀರೆಯಲ್ಲಿ ಜವಾದಿ ಬೆಳಗಿನಿಂದ ಓಡಾಡಿದ್ದೇ ಓಡಾಡಿದ್ದು. ಹೂವಿನ ಬುಟ್ಟಿ ಬೇಕೆಂದರೆ ಶಿಲ್ಪಶ್ರೀಯ ತಾಯಿ ಅವಳನ್ನು ಕೂಗುವರು. ಅಕ್ಷತೆ ತಟ್ಟೆ ಕಾಣದಿದ್ದರೆ ಸಣ್ಣತಾಯಮ್ಮ ಅವಳನ್ನು ಕೂಗುವರು. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ಬಹಳ ಹೊತ್ತಿನಿಂದ ಇವಳನ್ನೇ ಗಮನಿಸುತ್ತಿದ್ದವರು, ಹೋಳಿಗೆಗೆ ತುಪ್ಪ ಬೀಳುವಾಗ ಕೇಳಿಯೇಬಿಟ್ಟರು.

“ನೀನು ಹೆಣ್ಣಿನ ಕಡೆಯೋಳೋ, ಗಂಡಿನ ಕಡೆಯೋಳೋ?”

ಜವಾದಿ ಯೋಚಿಸಿದಳು.

“ನಾನು ಬಾಡಿಗೆ ಕಡೆಯೋಳು ಅಜ್ಜಿ.”

ಅಜ್ಜಿ ಅದನ್ನು ಒಂದು ಸಂಬಂಧವೆಂದೇ ತಿಳಿದು, ತಲೆಯಾಡಿಸಿ, ಇನ್ನೊಂದು ಹೋಳಿಗೆ ಹಾಕಿಸಿದರು.

ಮದುವೆಯ ನಂತರದ ಮೊದಲ ಶನಿವಾರ ಜವಾದಿ ಎರಡು ಜೊತೆ ಬಟ್ಟೆ ತುಂಬಿಕೊಂಡು ಸಂಜೆಯ ಬಸ್ಸು ಹತ್ತಿದಳು. ಶಿಲ್ಪಶ್ರೀ ಸ್ಟ್ಯಾಂಡಿನವರೆಗೂ ಬಂದು, ಅತ್ತೆಗೆಂದು ಒಂದು ಡಬ್ಬಿ ಕೊಟ್ಟು, ಬಸ್ಸು ಹೊರಡುವ ತನಕ ಕಿಟಕಿ ಹಿಡಿದುಕೊಂಡು ಮಾತಾಡಿದಳು. ಮುಖದಲ್ಲಿ ಹೊಸ ಮದುಮಗಳ ಗಾಬರಿ ಇತ್ತು. “ಸಾರಿಗೆ ಉಪ್ಪು ಹೆಚ್ಚಾಗಿದೆ ಕಣೇ, ಏನ್ ಮಾಡ್ಲಿ?” ಎಂದು ಕೇಳಿದಳು. “ನಿಮ್ಮೋರು ಏನೂ ಅನ್ನಲ್ಲ, ಹೂಂ ಅಂತಾರೆ,” ಎಂದಳು ಜವಾದಿ. ಇಬ್ಬರೂ ಮನಸಾರೆ ನಕ್ಕರು.

ಜಾವಗಲ್ಲಿನಲ್ಲಿ ಇಳಿದಾಗ ಎದುರಿನಿಂದ ಬೇಲೂರಿನ ಬಸ್ಸು ಬಂದು ನಿಂತಿತು. ಕಿಟಕಿಯಿಂದ ಹೇಮಂತ್ ಕೈಯಾಡಿಸಿದ. ಮಡಿಲಲ್ಲಿ ಮಲ್ಲಿಗೆಯ ಪೊಟ್ಟಣ ಇತ್ತು. ಅವನು ಏನೋ ಹೇಳಿದ, ಇಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲ. ಬಸ್ಸು ಅರಸೀಕೆರೆಯ ಕಡೆಗೆ ಹೊರಟಿತು.

ಜವಾದಿ ಬೀದಿಗೆ ತಿರುಗುವಷ್ಟರಲ್ಲಿ ಸಣ್ಣತಾಯಮ್ಮನ ದನಿ ಎದುರಾಯಿತು. “ಎಷ್ಟೊತ್ತು ಮಾಡಿದ್ಯವ್ವ. ಸ್ನಾನಕ್ಕೆ ನೀರು ಕಾದೈತೆ, ಮೊದ್ಲು ಕಾಲು ತೊಳ್ಕ ಬಾ,” ಎಂದು ಅವರು ಅವಳ ಕೈಯಿಂದ ಚೀಲ ತೆಗೆದುಕೊಂಡು ಮುಂದೆ ನಡೆದರು.